ದಾನ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್: ರೋಗಿಯ ಮನೆಗೆ ಕೊಡುವ ಮೊದಲು ಏನೇನು ನೋಡಬೇಕು?

ಘಟ್ಟದಂಚು, ಶಿರಸಿ

ನಮ್ಮೂರ ಸಹಕಾರ ಸಂಘದ ಗೋದಾಮಿನಲ್ಲಿ 2021ರ ಎರಡನೇ ಅಲೆಯ ಹೊತ್ತಿಗೆ ದಾನ ಬಂದ ಆರು ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರಗಳು) ಹಾಗೇ ಕೂತಿವೆ. ಮೂರು ನಿಮಿಷಕ್ಕೆ 5 ಲೀಟರ್ ಕೊಡುವವು, ಒಂದು 10 ಲೀಟರಿನದು. ಇನ್ನೊಂದರ ಬೆನ್ನಿಗೆ 115 ವೋಲ್ಟ್, 60 ಹರ್ಟ್ಸ್ ಎಂಬ ಚೀಟಿ ಇದೆ. ಆರನೆಯದು ಮಿಕ್ಸಿಗಿಂತ ತುಸು ದೊಡ್ಡ ಡಬ್ಬಿ, ಮೇಲೆ ‘1–7 ಲೀಟರ್’ ಎಂದು ಬರೆದಿದೆ.

ಊರಲ್ಲಿ ಸಿಒಪಿಡಿ (ಶ್ವಾಸನಾಳ ಕಟ್ಟಿಕೊಂಡು ದಮ್ಮು ಬರುವ ದೀರ್ಘಕಾಲದ ಕಾಯಿಲೆ) ಇರುವ ಹಿರಿಯರು ಹಲವರಿದ್ದಾರೆ. ಬೀಡಿ ಸೇದಿದವರಿಗಿಂತ ಅಡುಗೆ ಒಲೆ, ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಕುಡಿದ ಹೆಂಗಸರೇ ಜಾಸ್ತಿ. ಯಂತ್ರ ಎರವಲು ಕೊಡಿ ಎಂದು ಮನೆಯವರು ಕೇಳುತ್ತಿದ್ದಾರೆ, ಕೊಡುವ ಮನಸ್ಸು ಸಂಘಕ್ಕೂ ಇದೆ. ಆದರೆ ಯಾವ ಯಂತ್ರ ನಂಬಬಹುದು, ಯಾರಿಗೆ ಕೊಟ್ಟರೆ ನಿಜವಾಗಿ ಉಪಯೋಗ, ಮಳೆಗಾಲದಲ್ಲಿ ಕರೆಂಟು ಹೋದರೆ ಏನು ವ್ಯವಸ್ಥೆ, ಇಷ್ಟು ಗೊತ್ತಾಗದೆ ಕೊಡುವುದು ಸರಿಯಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಡಲತಡಿ ಬಯೋಮೆಡಿಕಲ್, ಕಾರವಾರ

ಮೊದಲು ಎರಡು ಯಂತ್ರ ಬದಿಗೆ ಇಡಿ. 115 ವೋಲ್ಟಿನದನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಅದರಿಂದ ವೋಲ್ಟೇಜ್ ಸರಿಹೋಗುತ್ತದೆ, ಫ್ರೀಕ್ವೆನ್ಸಿ ಸರಿಹೋಗುವುದಿಲ್ಲ. 60 ಹರ್ಟ್ಸಿನ ಮೋಟರು 50 ಹರ್ಟ್ಸಿನಲ್ಲಿ ಆರನೇ ಒಂದು ಪಾಲು ನಿಧಾನ ತಿರುಗುತ್ತದೆ. ಕಂಪ್ರೆಸರಿನ ಒತ್ತಡ ಇಳಿಯುತ್ತದೆ, ಅದರ ಜೊತೆ ಶುದ್ಧತೆಯೂ. ಮೇಲಿಂದ ಮೋಟರು ಬಿಸಿಯಾಗುತ್ತದೆ. ಚಿಕ್ಕ ಡಬ್ಬಿಯ ವಿಷಯ ಕೊನೆಗೆ ಬರೆಯುತ್ತೇನೆ.

ಉಳಿದ ನಾಲ್ಕರ ಒಳಗಿನ ಕೆಲಸ ಒಂದೇ. ಎಣ್ಣೆಯಿಲ್ಲದ ಕಂಪ್ರೆಸರು ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳು ತುಂಬಿದ ಎರಡು ಕಂಬಗಳಿಗೆ ಸರದಿಯಂತೆ ಕಳಿಸುತ್ತದೆ. ಒತ್ತಡದಲ್ಲಿ ಜಿಯೋಲೈಟ್ ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒಂದು ಕಂಬ ತುಂಬುವಾಗ ಇನ್ನೊಂದು ಒತ್ತಡ ಬಿಟ್ಟು ಸಾರಜನಕವನ್ನು ಹೊರಹಾಕುತ್ತದೆ. ಆ ‘ಫುಸ್’ ಶಬ್ದ ಅದೇ. ಒಳ್ಳೆಯ ಯಂತ್ರದಲ್ಲಿ ಹೊರಬರುವ ಆಮ್ಲಜನಕ 93 ಶೇಕಡಾ, ಮೂರು ಹೆಚ್ಚು ಅಥವಾ ಮೂರು ಕಡಿಮೆ. ಗಾಳಿಯಲ್ಲಿರುವ ಆರ್ಗಾನ್ ಜೊತೆಗೇ ಬರುವುದರಿಂದ 100 ಎಂದೂ ಮುಟ್ಟುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಯಂತ್ರದ ವೈರಿ ತೇವ. ಜಿಯೋಲೈಟ್ ಸಾರಜನಕಕ್ಕಿಂತ ನೀರಾವಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಓಡುತ್ತಿರುವ ಯಂತ್ರ ತನ್ನೊಳಗಿನ ತೇವವನ್ನು ಹೊರಗೆ ಹಾಕುತ್ತಲೇ ಇರುತ್ತದೆ, ನಿಂತ ಯಂತ್ರ ಹೀರುತ್ತಲೇ ಇರುತ್ತದೆ. ಹಲವು ಮಳೆಗಾಲ ಗೋದಾಮಿನಲ್ಲಿ ಕೂತ ಯಂತ್ರದ ತಾಸಿನ ಮೀಟರು 40 ತಾಸು ಎಂದು ತೋರಿಸಿದರೆ ಹೊಸದೆಂದು ಖುಷಿಪಡಬೇಡಿ. ದಿನಾ ಓಡಿ 8,000 ತಾಸು ಮುಗಿಸಿದ ಯಂತ್ರ ಅದಕ್ಕಿಂತ ಚೆನ್ನಾಗಿರುವ ಸಂಭವ ಇದೆ. ಆದ್ದರಿಂದ ಮೀಟರು, ಬಣ್ಣ, ಬ್ರ್ಯಾಂಡು ಯಾವುದನ್ನೂ ನೋಡಿ ತೀರ್ಮಾನ ಬೇಡ. ಅಳೆದೇ ತೀರ್ಮಾನಿಸಬೇಕು.

ಅಳೆಯುವ ಕ್ರಮ ಹೀಗೆ. ಮೊದಲು ಹೊರಗಿನ ಸ್ಪಂಜಿನ ಫಿಲ್ಟರ್ ತೆಗೆಯಿರಿ. ಮುಟ್ಟಿದರೆ ಪುಡಿಯಾಗುತ್ತಿದ್ದರೆ ಬದಲಿಸಿ, ಗಟ್ಟಿ ಇದ್ದರೆ ಸಾಬೂನು ನೀರಲ್ಲಿ ತೊಳೆದು ಪೂರಾ ಒಣಗಿಸಿ. ಒದ್ದೆ ಸ್ಪಂಜು ಹಾಕಿ ಓಡಿಸಿದರೆ ನೀವೇ ಕೈಯಾರೆ ತೇವ ಒಳಗೆ ಕಳಿಸಿದಂತೆ. ಗೋದಾಮಿನಲ್ಲಿ ಇಲಿ ಇದ್ದೇ ಇರುತ್ತದೆ, ಒಳಗಿನ ರಬ್ಬರ್ ನಳಿಗೆ ಹಲ್ಲು ಹಾಕಿದೆಯೋ, ಗಾಳಿ ಎಳೆಯುವ ಬಾಯಲ್ಲಿ ಇರುವೆ ಗೂಡಿದೆಯೋ ನೋಡಿ. ಆಮೇಲೆ ನೀರಿನ ಬಾಟಲಿ ಬಿಚ್ಚಿಟ್ಟು 5 ಲೀಟರಿಗೆ ಇಟ್ಟು 30 ನಿಮಿಷ ಓಡಿಸಿ. ಫ್ಲೋ ಮೀಟರಿನ ಗುಂಡಿನ ನಡುಮಧ್ಯ ಗೆರೆಗೆ ಬರಬೇಕು, ಕಣ್ಣಿನ ಮಟ್ಟದಲ್ಲಿ ನೋಡಬೇಕು. ಬಳಿಕ ಆಕ್ಸಿಜನ್ ಅನಲೈಸರ್ (ಆಮ್ಲಜನಕದ ಶುದ್ಧತೆ ಅಳೆಯುವ ಸಾಧನ) ಹಚ್ಚಿ 2 ಲೀಟರಿಗೆ ಒಮ್ಮೆ, 5 ಲೀಟರಿಗೆ ಒಮ್ಮೆ ಅಳೆದು ಬರೆದಿಡಿ. ಪ್ರತಿ ಬದಲಾವಣೆಯ ನಂತರ ಹತ್ತು ನಿಮಿಷ ಬಿಡಿ.

ಎರಡು ಅಳತೆ ಯಾಕೆಂದರೆ, ಜಿಯೋಲೈಟ್ ಅರ್ಧ ಸತ್ತ ಯಂತ್ರವೂ 2 ಲೀಟರಿನಲ್ಲಿ 91 ತೋರಿಸಬಹುದು. ಹರಿವು ಹೆಚ್ಚಿಸಿದಾಗಲೇ ಬಣ್ಣ ಬಯಲಾಗುವುದು. ಅಲಾರಂ ನಂಬಿ ಕೂರುವ ಹಾಗಿಲ್ಲ. ಬಹುತೇಕ ಯಂತ್ರಗಳಲ್ಲಿ ಅದು 82 ಶೇಕಡಾಕ್ಕಿಂತ ಕೆಳಗಿಳಿದ ಮೇಲೆ ಕೂಗುತ್ತದೆ, ಅಗ್ಗದವುಗಳಲ್ಲಿ ಶುದ್ಧತೆಯ ಸೆನ್ಸರೇ ಇರುವುದಿಲ್ಲ.

ಕರೆಂಟು ಹೋದ ಅಲಾರಂ ಬೇರೆ. ಓಡುವಾಗಲೇ ಗೋಡೆಯ ಸ್ವಿಚ್ ಆರಿಸಿ, ಕೂಗಬೇಕು. ಕೆಲವು ಮಾದರಿಗಳಲ್ಲಿ ಅದಕ್ಕೆ 9 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. 2021ರಿಂದ ಒಳಗೇ ಇದ್ದರೆ ಸೋರಿ ಹಸಿರುಗಟ್ಟಿರಬಹುದು. ಕಾರವಾರದ ಉಪ್ಪುಗಾಳಿಯಲ್ಲಿ ಇದು ಮಾಮೂಲು, ನಿಮ್ಮಲ್ಲಿಯೂ ನೋಡಿಬಿಡಿ.

ಶ್ವಾಸಕೋಶ ವಿಭಾಗ, ಹುಬ್ಬಳ್ಳಿ

ಯಂತ್ರದ ಮಾತು ಬಯೋಮೆಡಿಕಲ್‌ನವರು ಚೆನ್ನಾಗಿ ಹೇಳಿದ್ದಾರೆ. ಅದಕ್ಕೂ ಮೊದಲಿನ ಪ್ರಶ್ನೆ ರೋಗಿಗೆ ಇದು ಬೇಕೇ ಎಂಬುದು. ದಮ್ಮು ಕಟ್ಟುವವರಿಗೆಲ್ಲ ಆಮ್ಲಜನಕ ಔಷಧವಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆ ಇದ್ದವರಿಗೆ ಮಾತ್ರ ಔಷಧ.

ಮನೆಯಲ್ಲಿ ದೀರ್ಘಕಾಲ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಬುನಾದಿ ಎರಡು ಹಳೆಯ ಪ್ರಯೋಗಗಳು. 1980ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ನಡೆದದ್ದು ಒಂದು. ರಾತ್ರಿ ಮಾತ್ರ ಸುಮಾರು 12 ತಾಸು ಹಚ್ಚಿಕೊಂಡವರಲ್ಲಿ ಸಾವಿನ ಪ್ರಮಾಣ ದಿನದ ಬಹುಪಾಲು ಹಚ್ಚಿಕೊಂಡವರ ಸುಮಾರು ಎರಡು ಪಟ್ಟಿತ್ತು. 1981ರಲ್ಲಿ ಬ್ರಿಟನ್ನಿನಲ್ಲಿ 87 ರೋಗಿಗಳ ಮೇಲೆ ನಡೆದದ್ದು ಇನ್ನೊಂದು. ದಿನಕ್ಕೆ 15 ತಾಸು ಪಡೆದ 42 ಜನರಲ್ಲಿ 19 ಮಂದಿ, ಪಡೆಯದ 45 ಜನರಲ್ಲಿ 30 ಮಂದಿ ಐದು ವರ್ಷದೊಳಗೆ ತೀರಿಕೊಂಡರು. ಇವರೆಲ್ಲ ತೀವ್ರ ಕೊರತೆ ಇದ್ದವರು, ಧಮನಿಯ ರಕ್ತದ ಆಮ್ಲಜನಕ ಒತ್ತಡ ಪಾದರಸದ 55 ಮಿಲಿಮೀಟರ್ ಆಸುಪಾಸಿನವರು. ಬೆರಳಿಗೆ ಹಚ್ಚುವ ಆಕ್ಸಿಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ವಿಶ್ರಾಂತಿಯಲ್ಲಿ 88 ಶೇಕಡಾ ಅಥವಾ ಅದಕ್ಕಿಂತ ಕೆಳಗೆ.

89ರಿಂದ 93 ಇದ್ದವರಿಗೂ ಉಪಯೋಗ ಆಗುತ್ತದೆಯೇ ಎಂದು 738 ರೋಗಿಗಳ ಮೇಲೆ ನೋಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಸಾವಿನಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಂಥವರಿಗೆ ಯಂತ್ರ ಹಚ್ಚಿ ಮೂಗಿಗೆ ನಳಿಗೆ ಕಟ್ಟಿ ಕೂರಿಸಿದರೆ ಓಡಾಟ ಕಡಿಮೆಯಾಗಿ ಕಾಲಿನ ಸ್ನಾಯು ಕರಗುತ್ತದೆ, ದಮ್ಮು ಇನ್ನೂ ಹೆಚ್ಚುತ್ತದೆ. ಅವರಿಗೆ ಬೇಕಾದದ್ದು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಜೊತೆ ಇನ್‌ಹೇಲರ್ ಸರಿಯಾಗಿ ಎಳೆಯುವುದು, ದಿನಾ ನಡೆಯುವುದು, ಹೊಗೆ ಬಿಡುವುದು.

ಇನ್ನೊಂದು ಅಧ್ಯಯನ ನಿಮ್ಮ ಕರೆಂಟಿನ ಸಮಸ್ಯೆಗೆ ನೇರ ಸಂಬಂಧಪಟ್ಟದ್ದು. 2024ರಲ್ಲಿ ಸ್ವೀಡನ್ನಿನಿಂದ ಬಂತು. ತೀವ್ರ ಕೊರತೆಯ 241 ರೋಗಿಗಳಲ್ಲಿ ದಿನಕ್ಕೆ 24 ತಾಸು ಮತ್ತು 15 ತಾಸು ಹೋಲಿಸಿದರು. ಒಂದು ವರ್ಷದಲ್ಲಿ ಎರಡೂ ಗುಂಪಿನ ಫಲ ಒಂದೇ ಬಗೆ. ಹಾಗಾಗಿ ಗುರಿ 15 ತಾಸು. ರಾತ್ರಿ ನಿದ್ದೆಯ ಹೊತ್ತು ಪೂರಾ ಅದರಲ್ಲಿ ಸೇರಿರಬೇಕು. ಸ್ಥಿರವಾಗಿರುವ ರೋಗಿಗೆ ಹಗಲು ಒಂದೆರಡು ತಾಸು ಕರೆಂಟಿಲ್ಲದಿದ್ದರೆ ಗಾಬರಿಪಡಬೇಕಾಗಿಲ್ಲ, ಸಂಜೆ ತುಂಬಿಕೊಳ್ಳಬಹುದು. ಆದರೆ ಕಾಯಿಲೆ ಉಲ್ಬಣಿಸಿದ ರೋಗಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಘಟ್ಟದಂಚು, ಶಿರಸಿ

ಡಾಕ್ಟ್ರೇ, ಆಕ್ಸಿಮೀಟರಿನಲ್ಲಿ 88 ಬಂದರೆ ಯಂತ್ರ ಕೊಡಬಹುದೇ? ಸಂಘದವರಿಗೆ ಅದೇ ಸುಲಭ.

ಶ್ವಾಸಕೋಶ ವಿಭಾಗ, ಹುಬ್ಬಳ್ಳಿ

ಅದೊಂದರ ಮೇಲೆ ಬೇಡ. ಬೆರಳಿನ ಆಕ್ಸಿಮೀಟರಿಗೆ ಎರಡು ಮೂರು ಅಂಕದ ಹೆಚ್ಚುಕಡಿಮೆ ಸಹಜ. 88 ತೋರಿಸಿದರೆ ನಿಜ 85 ಇರಬಹುದು, 91ಕ್ಕೂ ಇರಬಹುದು. ಒಬ್ಬರಿಗೆ ತುರ್ತು, ಇನ್ನೊಬ್ಬರಿಗೆ ಯಂತ್ರವೇ ಬೇಡ. ಮೈಬಣ್ಣ ಗಾಢವಾದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವ ಪ್ರವೃತ್ತಿ ಇದೆ ಎಂದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಅಂಕಿಗಳಿಂದ ಸ್ಪಷ್ಟವಾಯಿತು. ಒಲೆಯ ಹೊಗೆಯಲ್ಲಿ ಆಗಷ್ಟೇ ಕೂತು ಎದ್ದವರಲ್ಲಿಯೂ ಎಚ್ಚರ ಬೇಕು. ರಕ್ತಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡನ್ನು ಈ ಸಾಧನ ಆಮ್ಲಜನಕವೆಂದೇ ಲೆಕ್ಕ ಹಾಕುತ್ತದೆ.

ಖಚಿತ ಮಾಡಿಕೊಳ್ಳಲು ಎಬಿಜಿ, ಅಂದರೆ ಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆ ಆಗಬೇಕು. ಕಾಯಿಲೆ ಸ್ಥಿರವಾಗಿರುವಾಗ, ಮೂರು ವಾರದ ಅಂತರದಲ್ಲಿ ಎರಡು ಸಲ. ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಅಳತೆ ನೋಡಿ ಜೀವನಪೂರ್ತಿ ಯಂತ್ರ ಹಚ್ಚಬಾರದು. ಎಷ್ಟೋ ಜನ ತಿಂಗಳೆರಡರಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಕೊಟ್ಟ ಮೇಲೂ 60ರಿಂದ 90 ದಿನದೊಳಗೆ ಮತ್ತೆ ಪರೀಕ್ಷಿಸಿ ಬೇಕೋ ಬೇಡವೋ ನೋಡಬೇಕು.

ಮಣಿಕಟ್ಟಿನ ಧಮನಿಯಿಂದ ತೆಗೆದ ಈ ರಕ್ತವನ್ನು ಕೂರಿಯರಿನಲ್ಲೋ ಬಸ್ಸಿನಲ್ಲೋ ಕಳಿಸುವ ಹಾಗಿಲ್ಲ. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಅಥವಾ ಅರ್ಧ ತಾಸು ಮೀರಿದರೆ ಅಂಕಿ ಕೆಡುತ್ತದೆ. ಈ ಪರೀಕ್ಷೆಯ ಯಂತ್ರ ಇರುವ ಆಸ್ಪತ್ರೆಗೆ ರೋಗಿಯೇ ಹೋಗಬೇಕು. ಘಟ್ಟ ಇಳಿದು ಹತ್ತಿ ಹೋಗುವುದು ತ್ರಾಸು ಎಂದು ಗೊತ್ತು. ಆದರೂ ಒಮ್ಮೆ ಹೋಗಿ ಬಂದರೆ ಎಷ್ಟು ಲೀಟರ್ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಆಕ್ಸಿಮೀಟರನ್ನು ಯಾರನ್ನು ಪರೀಕ್ಷೆಗೆ ಕಳಿಸಬೇಕು ಎಂದು ಆರಿಸುವುದಕ್ಕೆ ಬಳಸಿ. 92 ಅಥವಾ ಕೆಳಗೆ ಬಂದವರನ್ನು ಕಳಿಸಿ.

ಅಡಿಕೆತೋಟ, ಸಿದ್ದಾಪುರ

10 ಲೀಟರಿನ ಯಂತ್ರವನ್ನೇ ಹೆಚ್ಚು ತ್ರಾಸಿರುವವರಿಗೆ ಕೊಟ್ಟರೆ ಒಳ್ಳೆಯದಲ್ಲವೇ? ಜಾಸ್ತಿ ಕೊಟ್ಟರೆ ಜಾಸ್ತಿ ಆರಾಮ.

ಶ್ವಾಸಕೋಶ ವಿಭಾಗ, ಹುಬ್ಬಳ್ಳಿ

ಸಿಒಪಿಡಿಯಲ್ಲಿ ಇದು ಅಪಾಯದ ಎಣಿಕೆ. ಈ ರೋಗಿಗಳಲ್ಲಿ ಅನೇಕರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಹೆಚ್ಚಿರುತ್ತದೆ. ಆಮ್ಲಜನಕ ಅತಿಯಾದರೆ ಅದು ಇನ್ನೂ ಏರುತ್ತದೆ. ತಾಸ್ಮೇನಿಯಾದ ಆಂಬುಲೆನ್ಸ್‌ಗಳಲ್ಲಿ 405 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟವರಲ್ಲಿ ಸಾವು 9 ಶೇಕಡಾ, 88ರಿಂದ 92ರ ನಡುವೆ ನಿಲ್ಲುವಂತೆ ಅಳೆದು ಕೊಟ್ಟವರಲ್ಲಿ 4 ಶೇಕಡಾ. ಮನೆಯಲ್ಲಿ ಹೆಚ್ಚಿನವರಿಗೆ 1ರಿಂದ 2 ಲೀಟರ್ ಸಾಕು. ಬೆಳಿಗ್ಗೆ ಏಳುವಾಗ ತಲೆನೋವು, ಹಗಲು ತೂಕಡಿಕೆ, ಮಾತಿನಲ್ಲಿ ಗೊಂದಲ, ಕೈ ಚಾಚಿದರೆ ಅಂಗೈ ಫಡಫಡ ಎನ್ನುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಅದನ್ನು ಸುಸ್ತು ಎಂದುಕೊಂಡು ಗುಂಡು ಇನ್ನಷ್ಟು ಏರಿಸಿದರೆ ರೋಗಿ ಮತ್ತೆ ಏಳದೇ ಹೋಗಬಹುದು.

ಮನೆ ಆರೈಕೆ ನರ್ಸ್, ಅಂಕೋಲಾ

ಗುಂಡು ಏರಿಸುವುದೇ ಮನೆಗಳಲ್ಲಿ ನಡೆಯುವ ಮೊದಲ ತಪ್ಪು. ಡಾಕ್ಟರು ಹೇಳಿದ ಗೆರೆಗೆ ಕೆಂಪು ಟೇಪು ಹಚ್ಚಿ ಕೊಡಿ. ಆಯಿಯ ಹತ್ತಿರ ರಾತ್ರಿ ಮಲಗುವವರು ಯಾರೋ ಅವರಿಗೇ ತೋರಿಸಿ ಹೇಳಬೇಕು, ಯಂತ್ರ ಒಯ್ಯಲು ಬಂದ ಮಗನಿಗೆ ಹೇಳಿದರೆ ಸಾಲದು.

ನೀರಿನ ಬಾಟಲಿ ಬಗ್ಗೆ ಸ್ವಲ್ಪ ಬರೆಯುತ್ತೇನೆ. 4 ಲೀಟರಿನ ಒಳಗೆ ಬಹಳ ಜನರಿಗೆ ಅದರ ಅಗತ್ಯವೇ ಇರುವುದಿಲ್ಲ. ಮೂಗು ಒಣಗುತ್ತದೆ ಎಂದಾದರೆ ಮಾತ್ರ ಹಾಕಿ. ಕುದಿಸಿ ಆರಿಸಿದ ನೀರು ಅಥವಾ ಸ್ಟೆರೈಲ್ ನೀರು, ಗುರುತಿನ ಗೆರೆ ಮೀರದಂತೆ. ದಿನಾ ಚೆಲ್ಲಿ, ತೊಳೆದು, ಹೊಸದು ತುಂಬಬೇಕು. ಇದ್ದ ನೀರಿಗೇ ಮೇಲೆ ಹೊಯ್ಯಬಾರದು. ಬ್ಯಾಟರಿಗೆ ಹಾಕುವ ನೀರು ಬೇಡ, ಅದರಲ್ಲಿ ಲವಣ ಇಲ್ಲದಿರಬಹುದು, ಕ್ರಿಮಿ ಇಲ್ಲ ಎಂಬ ಖಾತ್ರಿಯಿಲ್ಲ. ಬಾಟಲಿಯ ಮುಚ್ಚಳ ಓರೆಯಾಗಿ ಕೂತರೆ ಆಮ್ಲಜನಕವೆಲ್ಲ ಅಲ್ಲೇ ಸೋರಿ ಹೋಗುತ್ತದೆ, ಫ್ಲೋ ಮೀಟರು ಮಾತ್ರ 2 ಎಂದೇ ತೋರಿಸುತ್ತದೆ. ಬಾಟಲಿಯ ಮುಂದಿನ ನಳಿಗೆಯನ್ನು ಬೆರಳಲ್ಲಿ ಮಡಚಿ ಹಿಡಿಯಿರಿ. ಗುಳ್ಳೆ ನಿಂತು ಬಾಟಲಿಯ ಸುರಕ್ಷತಾ ವಾಲ್ವು ಸಿಳ್ಳೆ ಹಾಕಿದರೆ ಸರಿ. ಗುಳ್ಳೆ ಬರುತ್ತಲೇ ಇದ್ದು ಸಿಳ್ಳೆ ಇಲ್ಲದಿದ್ದರೆ ಮುಚ್ಚಳ ಸೋರುತ್ತಿದೆ. ಮೂಗಿನ ತುದಿಯನ್ನು ಲೋಟದ ನೀರಿಗೆ ಅದ್ದಿ ನೋಡುವುದೂ ಒಳ್ಳೆಯ ರೂಢಿ. ಎರಡೂ ಕವಲಿನಿಂದ ಗುಳ್ಳೆ ಬರಬೇಕು.

ಮೂಗಿನ ನಳಿಗೆಯನ್ನು ಎರಡು ವಾರಕ್ಕೊಮ್ಮೆ, ಶೀತ ಬಂದು ಹೋದ ಮೇಲೆ ತಪ್ಪದೆ ಬದಲಿಸಿ. ಒಬ್ಬರ ನಳಿಗೆ, ಬಾಟಲಿ ಇನ್ನೊಬ್ಬರಿಗೆ ಹೋಗಲೇ ಕೂಡದು. ಮೂಗು, ತುಟಿಗೆ ವ್ಯಾಸಲಿನ್, ತೆಂಗಿನೆಣ್ಣೆ ಹಚ್ಚುವುದು ನಿಲ್ಲಿಸಿ. ಆಮ್ಲಜನಕದ ಬಳಿ ಎಣ್ಣೆ ಬೇಗ ಹೊತ್ತಿಕೊಳ್ಳುತ್ತದೆ. ದೇವರ ದೀಪ, ಊದುಬತ್ತಿ, ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ ಇರಲಿ. ನಳಿಗೆ ತೆಗೆದಿಟ್ಟಾಗ ಯಂತ್ರ ಆರಿಸಿ. ಓಡುವಾಗ ಹಾಸಿಗೆ ಮೇಲೆ ಬಿಟ್ಟರೆ ಕಂಬಳಿಯಲ್ಲಿ ಆಮ್ಲಜನಕ ಸೇರಿಕೊಂಡಿರುತ್ತದೆ, ಒಂದು ಬೀಡಿಯ ಕಿಡಿ ಸಾಕು. ಮನೆಯಲ್ಲಿ ಯಾರಾದರೂ ಕೋಣೆಯೊಳಗೆ ಬೀಡಿ ಸೇದುವವರಿದ್ದರೆ ಯಂತ್ರ ಕೊಡಬೇಡಿ. ನಿಷ್ಠುರವಾದರೂ ಪರವಾಗಿಲ್ಲ.

ವೈರಿಂಗ್ ಕೆಲಸ, ಯಲ್ಲಾಪುರ

ಕರೆಂಟಿನ ಲೆಕ್ಕ ಹೇಳುತ್ತೇನೆ. 5 ಲೀಟರಿನ ಯಂತ್ರ ಸುಮಾರು 350 ವ್ಯಾಟ್. ನೀವು 2 ಲೀಟರಿಗೆ ಇಟ್ಟರೂ ಕಂಪ್ರೆಸರು ಅಷ್ಟೇ ಎಳೆಯುತ್ತದೆ. ದಿನಕ್ಕೆ 15 ತಾಸು ಎಂದರೆ ಐದೂಕಾಲು ಯೂನಿಟ್, ತಿಂಗಳಿಗೆ 157ರ ಹತ್ತಿರ. ಗೃಹಜ್ಯೋತಿ ಇರುವ ಮನೆಗಳಿಗೆ ಇದನ್ನು ಮೊದಲೇ ಹೇಳಿ. ಅವರ ಉಚಿತ ಮಿತಿ ಹಳೆಯ ಸರಾಸರಿಯ ಮೇಲೆ ನಿಂತಿದೆ, ಮಿತಿ ದಾಟಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಅವರದ್ದೇ. ಬಿಲ್ಲು ನೋಡಿ ಹೆದರಿ ಯಂತ್ರವನ್ನು ದಿನಕ್ಕೆ ನಾಲ್ಕೈದು ತಾಸಿಗೆ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಡಾಕ್ಟರು ಹೇಳಿದ ಉಪಯೋಗ ಸಿಗುವುದಿಲ್ಲ. ಬಡ ಮನೆಯಾದರೆ ಸಂಘವೇ ಹೆಚ್ಚಿನ ಬಿಲ್ಲಿಗೆ ದಾರಿ ನೋಡಬೇಕು.

ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಈ ಯಂತ್ರಗಳಿಗೆ 207ರಿಂದ 253ರೊಳಗೆ ಇರಬೇಕು. ಒಂದು ಕೆವಿಎ ಸ್ಟೆಬಿಲೈಸರ್ ಹಾಕಿಸಿ, ಅರ್ಥಿಂಗ್ ನೋಡಿಸಿ. ಇನ್ವರ್ಟರ್ ಆದರೆ ಸೈನ್‌ವೇವ್ ಮಾತ್ರ, ಸ್ಕ್ವೇರ್‌ವೇವಿನಲ್ಲಿ ಮೋಟರು ಗುಂಯ್‌ಗುಡುತ್ತ ಕಾಯುತ್ತದೆ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಹೊಸದಿದ್ದಾಗ ಮೂರರಿಂದ ಮೂರೂವರೆ ತಾಸು ಎಳೆಯುತ್ತದೆ, ಎರಡು ವರ್ಷ ಹಳೆಯದಾದರೆ ಎರಡು ತಾಸೂ ಕಷ್ಟ. ಆಷಾಢದ ಗಾಳಿಗೆ ಮರ ಬಿದ್ದು ಕಂಬ ಮುರಿದರೆ ಕಾಡಿನ ನಡುವಿನ ಊರಿಗೆ ಕರೆಂಟು ಬರಲು ಎರಡು ಮೂರು ದಿನವೂ ಆದೀತು. ಅದಕ್ಕೆ ಸಿಲಿಂಡರ್ ಬೇಕೇ ಬೇಕು. ಜನರೇಟರ್ ಇದ್ದರೆ ಅದು ಅಂಗಳದಲ್ಲೇ ಓಡಲಿ, ಜಗುಲಿಗೂ ತರಬೇಡಿ.

ಕಡಲತಡಿ ಬಯೋಮೆಡಿಕಲ್, ಕಾರವಾರ

ಸಿಲಿಂಡರ್ ಲೆಕ್ಕ ಸುಲಭ. ಗೇಜಿನ ಒತ್ತಡವನ್ನು ಸಿಲಿಂಡರಿನ ನೀರಿನ ಅಳತೆಗೆ (ಅದರೊಳಗೆ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಅದಕ್ಕೆ) ಗುಣಿಸಿ ಹರಿವಿನಿಂದ ಭಾಗಿಸಿದರೆ ಎಷ್ಟು ನಿಮಿಷ ಬರುತ್ತದೆಂದು ಸಿಗುತ್ತದೆ. ಬಿ ಮಾದರಿ 10 ಲೀಟರ್, ತುಂಬಿದಾಗ ಚದರ ಸೆಂಟಿಮೀಟರಿಗೆ 150 ಕೆಜಿ ಒತ್ತಡ, ಅಂದರೆ 1,500 ಲೀಟರ್ ಅನಿಲ. 2 ಲೀಟರಿಗೆ ಹನ್ನೆರಡೂವರೆ ತಾಸು. ದೊಡ್ಡ ಡಿ ಮಾದರಿಯಲ್ಲಿ ಸುಮಾರು 7,000 ಲೀಟರ್, 58 ತಾಸು. ಗೇಜು 20ಕ್ಕೆ ಬಂದಾಗಲೇ ಬದಲಿಸುವ ತಯಾರಿ ಇರಲಿ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ. ರೆಗ್ಯುಲೇಟರ್ ಬಿಗಿ ಇದೆ ಎಂದು ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ.

ಅನಲೈಸರ್ ಎರಡು ಬಗೆ. ಗ್ಯಾಲ್ವಾನಿಕ್ ಸೆಲ್ಲಿನದು ಬಳಸದಿದ್ದರೂ ಒಂದೆರಡು ವರ್ಷಕ್ಕೆ ಸಾಯುತ್ತದೆ, ಬರಿ ಗಾಳಿಯಲ್ಲಿ 20.9 ತೋರಿಸುತ್ತದೆಯೇ ಎಂದು ಪ್ರತಿ ಸಲ ನೋಡಬೇಕು. ಅಲ್ಟ್ರಾಸಾನಿಕ್ ಬಗೆಯದು ವರ್ಷಗಟ್ಟಲೆ ಬಾಳುತ್ತದೆ, ಹರಿವನ್ನೂ ಅಳೆಯುತ್ತದೆ. ಸಂಘಕ್ಕೆ ಇದೇ ಸರಿ. ನೀರಿನ ಬಾಟಲಿ ದಾಟಿ ಬಂದ ತೇವದ ಅನಿಲಕ್ಕೆ ಮಾತ್ರ ಹಚ್ಚಬೇಡಿ, ಅಂಕಿ ತಪ್ಪುತ್ತದೆ.

ಘಟ್ಟದಂಚು, ಶಿರಸಿ

ಅಲ್ಟ್ರಾಸಾನಿಕ್ ಅನಲೈಸರ್ ಎರವಲು ಸಿಕ್ಕಿತು. ಹೇಳಿದ ಕ್ರಮದಲ್ಲೇ ಅಳೆದಿದ್ದೇವೆ. ಮೊದಲ 5 ಲೀಟರಿನದು: 2ಕ್ಕೆ 94, 5ಕ್ಕೆ 93. ಎರಡನೆಯದು: 2ಕ್ಕೆ 91, 5ಕ್ಕೆ 79. ಮೂರನೆಯದು: 2ಕ್ಕೇ 60, ಹಳದಿ ದೀಪ ಹತ್ತಿಯೇ ಇರುತ್ತದೆ, ಹೊರಬಾಯಲ್ಲಿ ಬಿಳಿ ಹಿಟ್ಟಿನಂಥದ್ದು ಕೂತಿದೆ. 10 ಲೀಟರಿನದು: 5ಕ್ಕೆ 94, 10ಕ್ಕೆ 90. ಚಿಕ್ಕ ಡಬ್ಬಿ: 1ಕ್ಕೆ 89, 7ಕ್ಕೆ 32.

ಕಡಲತಡಿ ಬಯೋಮೆಡಿಕಲ್, ಕಾರವಾರ

ಚಿಕ್ಕ ಡಬ್ಬಿಯ ಗುಟ್ಟು ಇಲ್ಲೇ ಕಾಣುತ್ತದೆ. ಅದು ತಯಾರಿಸುವುದು ಒಂದು ಲೀಟರಿನಷ್ಟು ಆಮ್ಲಜನಕ, 7ಕ್ಕೆ ತಿರುಗಿಸಿದರೆ ಉಳಿದದ್ದು ಸಾದಾ ಗಾಳಿ. ಎರವಲು ಪಟ್ಟಿಯಿಂದ ತೆಗೆದುಬಿಡಿ. ಮೂರನೆಯದರ ಬಿಳಿ ಹಿಟ್ಟು ಜಿಯೋಲೈಟ್ ಒಡೆದು ಬಂದ ಪುಡಿ. ರೋಗಿಯ ಹತ್ತಿರಕ್ಕೂ ಬೇಡ. ಕಂಬಗಳನ್ನು ಬದಲಿಸಿ, ಹೊರಬಾಯಿಯ ಬ್ಯಾಕ್ಟೀರಿಯಾ ಫಿಲ್ಟರೂ ಹೊಸದು ಹಾಕಿದರೆ ಮಾತ್ರ ಮತ್ತೆ ಬಳಸಬಹುದು. ಮೊದಲನೆಯದು ಮತ್ತು 10 ಲೀಟರಿನದು ಚೆನ್ನಾಗಿವೆ. ಎರವಲು ಹೋಗದೆ ಉಳಿದರೆ ತಿಂಗಳಿಗೊಮ್ಮೆ ನಾಲ್ಕೈದು ತಾಸು ಓಡಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಎರಡನೆಯದನ್ನು ‘2 ಲೀಟರಿಗೆ ಮಾತ್ರ’ ಎಂದು ಚೀಟಿ ಅಂಟಿಸಿ ಕೊಡಬಹುದೆಂದು ನನಗೆ ತೋರುತ್ತದೆ. ತಿಂಗಳಿಗೊಮ್ಮೆ ಅಳೆಯುತ್ತಿರಬೇಕು.

ಮನೆ ಆರೈಕೆ ನರ್ಸ್, ಅಂಕೋಲಾ

ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಅಣ್ಣಾ. ರಾತ್ರಿ ಎರಡು ಗಂಟೆಗೆ ದಮ್ಮು ಕಟ್ಟಿದಾಗ ಚೀಟಿ ಓದುವವರು ಯಾರೂ ಇಲ್ಲ, ಗುಂಡು ಏರಿಸಿಯೇ ಏರಿಸುತ್ತಾರೆ. ಏರಿಸಿದಷ್ಟೂ ಆ ಯಂತ್ರದ ಶುದ್ಧತೆ ಇಳಿಯುತ್ತದೆ. ಮನೆಯವರಿಗೆ ಹೆಚ್ಚು ಕೊಟ್ಟೆವೆಂಬ ಸಮಾಧಾನ ಸಿಗುತ್ತದೆ, ಆಸ್ಪತ್ರೆಗೆ ಹೊರಡುವುದು ತಡವಾಗುತ್ತದೆ.

ಕಡಲತಡಿ ಬಯೋಮೆಡಿಕಲ್, ಕಾರವಾರ

ಅಕ್ಕ ಹೇಳುವುದು ಸರಿ, ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಎರಡನೆಯದನ್ನು ಈಗ ಕೊಡಬೇಡಿ. ಆದರೆ ಗುಜರಿಗೆ ಹಾಕುವ ಮೊದಲು ಒಂದು ನೋಡಿ. ಹೊರಗಿನ ಸ್ಪಂಜಲ್ಲದೆ, ಕಂಪ್ರೆಸರಿಗೆ ಗಾಳಿ ಹೋಗುವ ದಾರಿಯಲ್ಲಿ ಒಳಗೆ ಇನ್ನೊಂದು ಇನ್‌ಟೇಕ್ ಫಿಲ್ಟರ್ ಇರುತ್ತದೆ. ಅದು ಬೂಷ್ಟು ಹಿಡಿದು ಕಟ್ಟಿಕೊಂಡರೂ 5 ಲೀಟರಿನಲ್ಲಿ ಶುದ್ಧತೆ ಹೀಗೇ ಬೀಳುತ್ತದೆ. ಕಂಬ ಬದಲಿಸುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ಫುಸ್ ಶಬ್ದವನ್ನೂ ಕೇಳಿ. ಎರಡು ಕಂಬದ ಸರದಿ ಒಂದೇ ಅಂತರದಲ್ಲಿ ಬರಬೇಕು, ಒಂದು ಉದ್ದ ಒಂದು ಗಿಡ್ಡ ಆದರೆ ವಾಲ್ವು ಸಿಕ್ಕಿಕೊಂಡಿದೆ. ಫಿಲ್ಟರ್ ಬದಲಿಸಿ, ಬಾಟಲಿ ಇಲ್ಲದೆ 30 ನಿಮಿಷ ಓಡಿಸಿ, 5 ಲೀಟರಿನ ಅಂಕಿಯನ್ನು ಮತ್ತೆ ಇಲ್ಲಿ ಹಾಕಿ. 90 ದಾಟದಿದ್ದರೆ ಕಂಬಕ್ಕೇ ಕೈ ಹಾಕಬೇಕಾಗುತ್ತದೆ.